ಕಾಳು ಹಾಕ್ರಿ

ನರಗುಂದ ಪೇಟೆ,
ತಾರೀಖು 18 ಅಗಸ್ಟ್ 1852

ಅವ್ವನ ಪಾದಕ್ಕೆ ಪ್ರಭುಲಿಂಗಪ್ಪನ ಶರಣು.

ಇಲ್ಲಿ ಹಿಡಿದ ಮಳೆ ಬಿಡುತ್ತಿಲ್ಲ. ನನ್ನ ಬಿಡಾರದ ಮಾಳಿಗೆ ಒಂದು ಮೂಲೆಯಲ್ಲಿ ಸೋರುತ್ತದೆ. ಕಚೇರಿಯ ಕಾಗದದ ಪೆಟ್ಟಿಗೆಯನ್ನು ಮಂಚದ ಮೇಲಿಟ್ಟು ನಾನು ನೆಲದ ಮೇಲೆ ಮಲಗುತ್ತೇನೆ. ಮಗ ಸರ್ಕಾರದ ಹತ್ತಿ ಕಚೇರಿಯಲ್ಲಿ ಕಾರಕೂನನಾದ, ಮಂಚದ ಮೇಲೆ ಮಲಗುತ್ತಾನೆ ಎಂದು ನೀನು ಮೆಣಸಗಿಗೆಲ್ಲ ಸಾರಿದ್ದೀಯಂತೆ. ಆ ಸುದ್ದಿ ಹಾಗೇ ಇರಲಿ.

ಈ ಕಾಗದ ಬೆಣ್ಣಿಹಳ್ಳದ ದಾರಿಯ ಸಲುವಾಗಿ. ಹೋದ ವರ್ಷ ಅಕ್ಕ ಶೇಖವ್ವನನ್ನು ಬಾಣಂತನಕ್ಕೆಂದು ಕೊಣ್ಣೂರಿನಿಂದ ಕರೆತರುವಾಗ ಹಳ್ಳದ ಕೆಸರಿನಲ್ಲಿ ಗಾಡಿ ಹೂತು, ಅಲ್ಲೇ ಬೇನೆ ಹತ್ತಿ, ಕೂಸು ಗಾಡಿಯಲ್ಲೇ ಹುಟ್ಟಿ ಗಾಡಿಯಲ್ಲೇ ಹೋಯಿತಲ್ಲ, ಆ ದಿನ ಗಾಲಿಗೆ ಹೆಗಲು ಕೊಟ್ಟವನು ನಾನು. ಗಾಲಿ ಗೇಣು ಸಹ ಸರಿಯಲಿಲ್ಲ. ಅಂದಿನಿಂದ ಬೀಗರು ಅಕ್ಕನನ್ನು ಹಳ್ಳ ದಾಟಿಸಿಲ್ಲ. ನೌಕರಿ ಸೇರಿದ ದಿನದಿಂದ ನನ್ನ ತಲೆಯಲ್ಲಿರುವುದು ಇದೊಂದೇ: ಹಳ್ಳಕ್ಕೆ ಕಲ್ಲು ಹಾಸಿಸಬೇಕು.

ಈಗ ದಾರಿ ಕಾಣುತ್ತಿದೆ. ಕಂಪನಿ ಸರ್ಕಾರಕ್ಕೆ ವಿಲಾಯಿತಿ ಹತ್ತಿ ಬೇಕಾಗಿದೆ. ಅಮೇರಿಕಾ ಎಂಬ ದೇಶದ ಬೀಜ, ನಮ್ಮ ಜವಾರಿಗಿಂತ ಎಳೆ ಉದ್ದ. ಧಾರವಾಡದ ಕಾರಖಾನೆಯಲ್ಲಿ ಗರಗಸದ ಯಂತ್ರದಿಂದ ಅದರ ಅರಳೆ ಬಿಡಿಸಿ, ಕುಮಟಾ ಬಂದರಕ್ಕೆ ಸಾಗಿಸಿ, ಹಡಗು ಹತ್ತಿಸುತ್ತಾರೆ. ಯಾವ ಊರು ಅದನ್ನು ಬಿತ್ತುತ್ತದೋ ಆ ಊರಿಗೆ ಮೊದಲು ರಸ್ತೆ. ಇದು ನಮ್ಮ ಸಾಹೇಬನ ಬಾಯಿಂದಲೇ ಕೇಳಿದ ಮಾತು. ಊರಿನವರ ಮನಸ್ಸು ಒಪ್ಪಿಸಿ ಇಡು. ಬೀಜದ ವಿಷಯ ಮುಂದೆ ಬರೆಯುತ್ತೇನೆ.

ನಿನ್ನ ಮಗ
ಪ್ರಭು

*

ನರಗುಂದ,
29 ಅಗಸ್ಟ್ 1852

ಅವ್ವಾ,

ಗಾಡಿ ಹೂಡಿ ನಿಂತಿದೆ, ಆದ್ದರಿಂದ ಎರಡೇ ಮಾತು. ಸರ್ಕಾರದಿಂದ ಬಂದ ಹತ್ತಿಕಾಳಿನ ಚೀಲಗಳನ್ನು ನಮ್ಮ ಕಚೇರಿಯ ಜವಾನ ಜಮಾಲಸಾಬನ ಜೊತೆ ಕಳಿಸುತ್ತಿದ್ದೇನೆ. ಪುಕ್ಕಟೆ. ಒಬ್ಬರೇ ಇಟ್ಟುಕೊಳ್ಳದೆ ಊರಿಗೆಲ್ಲ ಹಂಚಿ ಲಗೂ ಹಾಕಿಸು, ಇಟ್ಟರೆ ಕೆಡುತ್ತದೆ. ಹೇಗೆ ಏನು ಎಂಬುದನ್ನು ಜಮಾಲಸಾಬ ಹೇಳುತ್ತಾನೆ.

ಪ್ರಭು

*

ಮೆಣಸಗಿ,
ಹುಬ್ಬಾ ಮಳೆ ಸುರಿಯುತ್ತಿರುವಾಗ

ಪ್ರಭುಲಿಂಗಪ್ಪನಿಗೆ ಬಾಳವ್ವನ ಹರಕೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ?

ನಿನ್ನ ಚೀಲಗಳು ಬಂದವು. ಜಮಾಲಸಾಬ ಬರಲಿಲ್ಲ. ಹಳ್ಳ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಹರಿಗೋಲಿನವನು ಚೀಲಗಳನ್ನು ಏರಿಸಿಕೊಂಡು, "ಇನ್ನ ಆಳು ಕೂತ್ರ ಮುಳಗತೈತಿ" ಎಂದು ಅವನನ್ನು ಆಚೆಯೇ ಬಿಟ್ಟು ಬಂದ. ಪಾಪ, ನಿನ್ನ ಜವಾನ ಆ ದಂಡೆಯ ಮೇಲೆ ನಿಂತು ಕೈ ಬೀಸಿ ಬೀಸಿ ಕೂಗಿದ. ಗಾಳಿಗೆ ಅರ್ಧ ಮಾತು ಹಾರಿಹೋಯಿತು. ನಮಗೆ ಕೇಳಿಸಿದ್ದು ಇಷ್ಟು: "ಕಾಳು ಹಾಕ್ರಿ! ಎಲ್ಲಾರೂ ಹಾಕ್ರಿ! ಲಗೂ ಹಾಕ್ರೀ!"

ಹಾಕಿದೆವು. ಒಬ್ಬರನ್ನೂ ಬಿಡದೆ ಹಂಚಿದೆ. ನಾಲ್ಕು ದಿನದಿಂದ ಊರಿನ ಎಮ್ಮೆಗಳು ಬೇರೆ ಮೇವಿನ ಕಡೆ ಮುಖ ಹಾಕುತ್ತಿಲ್ಲ. ನೆನೆ ಹಾಕಿ ರುಬ್ಬಿ ಇಟ್ಟರೆ ಗ್ವಾದಲಿಯನ್ನು ನೆಕ್ಕಿ ನೆಕ್ಕಿ ತಿನ್ನುತ್ತವೆ. ಹಾಲು ಎಷ್ಟು ಗಟ್ಟಿ ಎಂದರೆ ಹೆಪ್ಪು ಹಾಕಿದ ಮೊಸರನ್ನು ಕೈಯಲ್ಲಿ ಎತ್ತಬಹುದು. ಸೂಲಗಿತ್ತಿ ಅಡಿವೆವ್ವ ತನ್ನ ಪಾಲಿನದನ್ನು ಆಡಿಗೂ ತಿನ್ನಿಸಿದಳು. "ಸರ್ಕಾರಕ್ಕ ನಮ್ಮ ಎಮ್ಮಿ ಮ್ಯಾಲೆ ಇಷ್ಟ್ ಮಾಯಾ ಯಾಕ ಬಂತವ್ವ?" ಎಂದು ಕೇಳುತ್ತಾಳೆ. ನಾನು ಹೇಳಿದೆ, ದುಡಿಸಿಕೊಳ್ಳುವ ಮೊದಲು ಉಣ್ಣಿಸುವವರು ಬುದ್ಧಿವಂತರು ಎಂದು.

ಊರಿನವರು ಬಿತ್ತಲು ಒಪ್ಪಿದ್ದಾರೆ. ಹೊಲ ಹರಗಿ ಇಟ್ಟಿದ್ದೇವೆ. ಬೀಜ ಯಾವಾಗ ಕಳಿಸುತ್ತೀ?

ಬಾಳವ್ವ

*

ನರಗುಂದ,
16 ಸೆಪ್ಟೆಂಬರ 1852

ಅವ್ವಾ,

ಅದೇ ಬೀಜ.

ಎಮ್ಮೆ ತಿಂದದ್ದೇ ಬೀಜ. ಏಳು ಸಮುದ್ರ ದಾಟಿ ಬಂದ ಬೀಜ. ಬೇರೆ ಯಾವ ಊರಿಗೂ ಕೊಡದೆ ಮೊದಲು ನಮ್ಮೂರಿಗೆ ಕೊಡಿಸಲು ನಾನು ಯಾರ ಯಾರ ಮುಂದೆ ನಿಂತಿದ್ದೆ ಎಂಬುದು ನಿನಗೆ ಗೊತ್ತಿಲ್ಲ. ಇನ್ನು ಈ ವರ್ಷ ಒಂದು ಹಿಡಿಯೂ ಸಿಗುವುದಿಲ್ಲ. ಹತ್ತಿ ಇಲ್ಲದಿದ್ದರೆ ರಸ್ತೆಯೂ ಇಲ್ಲ.

ಕೂಗಿದ್ದನ್ನು ಕೇಳಿ ಯಾರಾದರೂ ಹೀಗೆ ಮಾಡುತ್ತಾರೆಯೇ? ಜಮಾಲಸಾಬ ಮೂರು ದಿನದಿಂದ ಊಟ ಬಿಟ್ಟಿದ್ದಾನೆ.

ಪ್ರಭು

*

ಮೆಣಸಗಿ,
ಉತ್ತರಿ ಮಳೆ ಬಿಟ್ಟು ಹೊಳವಾದ ದಿನ

ಪ್ರಭೂ,

ಜಮಾಲಸಾಬನಿಗೆ ಮೊದಲು ಊಟ ಮಾಡಲು ಹೇಳು. ತಪ್ಪು ಅವನದಲ್ಲ.

ನನ್ನದೂ ಅಲ್ಲ. ನಿನ್ನ ಚೀಟಿ ನನ್ನ ಮುಂದಿದೆ. ನಾನು ಗಜೇಂದ್ರಗಡದಲ್ಲಿ ಅಪ್ಪನ ಅಂಗಡಿಯಲ್ಲಿ ಕೂತು ಅಕ್ಷರ ಕಲಿತವಳು, ಬರೆದದ್ದನ್ನು ಬರೆದ ಹಾಗೇ ಓದುತ್ತೇನೆ. ಹತ್ತಿಕಾಳು ಎಂದು ಬರೆದಿದ್ದೀ. ನೀನು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಹತ್ತಿಕಾಳು ಎಂದರೆ ಎಮ್ಮೆಗೆ ಇಡುವುದು, ಬೀಜ ಎಂದರೆ ಬಿತ್ತುವುದು. ಹಾಕಿಸು ಎಂದಿದ್ದೀ. ಕೂರಿಗೆಗೆ ಹಾಕು ಎಂದಿದ್ದರೆ ಕೂರಿಗೆಗೆ ಹಾಕುತ್ತಿದ್ದೆವು. ಆ ಶಬ್ದ ನಿನಗೆ ಎಲ್ಲಿಂದ ಬಂತು ಎಂದು ನೀನೇ ನೋಡಿಕೋ.

ಊರಲ್ಲಿ ನಕ್ಕವರು ಕೆಲವರು, ಬೈದವರು ಹಲವರು. ನಾನು ಆ ರಾತ್ರಿ ಊಟ ಮಾಡಲಿಲ್ಲ ಎಂಬುದನ್ನು ನಿನಗೆ ಹೇಳದೆ ಯಾರಿಗೆ ಹೇಳಲಿ? ಶೇಖವ್ವನ ಮುಖ ಕಣ್ಣ ಮುಂದೆ ಬಂತು. ನನ್ನ ಮಗಳ ದಾರಿಯನ್ನು ನಾನೇ ರುಬ್ಬಿ ಎಮ್ಮೆಯ ಮುಂದೆ ಸುರಿದೆನಲ್ಲ ಎನ್ನಿಸಿತು.

ಮರುದಿನ ಸೆಗಣಿ ಬಳಿಯಲು ಹೋದಾಗ ನೋಡಿದೆ. ಗ್ವಾದಲಿಯ ಹಿಂದೆ, ಬೆಳಕಿಂಡಿಯ ಬಿಸಿಲು ಬೀಳುವ ಗೋಡೆಯ ಸಂದಿನಲ್ಲಿ, ಎಮ್ಮೆ ಚೆಲ್ಲಿದ್ದೋ ನನ್ನ ಕೈ ಜಾರಿದ್ದೋ, ಒಂದಷ್ಟು ಕಾಳು ಮೊಳೆತಿವೆ. ಎಲೆ ನಮ್ಮ ಹತ್ತಿಯ ಹಾಗಿಲ್ಲ, ಅಗಲ. ಎಮ್ಮೆಗಳನ್ನು ಅಂಗಳಕ್ಕೆ ಸಾಗಿಸಿ ಆ ಜಾಗಕ್ಕೆ ಬೇಲಿ ಕಟ್ಟಿದ್ದೇನೆ. ಹೊಲದಲ್ಲಿ ಬೆಳೆಯಲಿಲ್ಲ, ದನದ ಮನೆಯಲ್ಲಿ ಬೆಳೆಯುತ್ತೇನೆ.

ಬಾಳವ್ವ

*

ನರಗುಂದ,
20 ನವೆಂಬರ 1852

ಅವ್ವಾ,

ನೋಡಿಕೊಂಡೆ. ಕಚೇರಿಯ ಹುಕುಮು ಮರಾಠಿಯಲ್ಲಿ ಬರುತ್ತದೆ. ಅದರಲ್ಲಿ "ಸರಕಿ" ಎಂದಿತ್ತು. ಆ ಭಾಷೆಯಲ್ಲಿ ಬೀಜಕ್ಕೂ ದನದ ಕಾಳಿಗೂ ಅದೊಂದೇ ಮಾತು. ಗಾಡಿ ಹೊರಡುವ ಅವಸರದಲ್ಲಿ ಕನ್ನಡ ಮಾಡಿದೆ. ತಪ್ಪು ನನ್ನದೇ.

ಆದರೆ ತಪ್ಪಿಗಿಂತ ದೊಡ್ಡ ಮಾತು ಮುಂದಿದೆ. ಚಳಿಗಾಲದ ಸುತ್ತಿನಲ್ಲಿ ಸಾಹೇಬ ಮೆಣಸಗಿಗೆ ಬರುತ್ತಾನೆ, ವಿಲಾಯಿತಿ ಹತ್ತಿಯ ಹೊಲ ನೋಡಲು. ನಾನು ಇನ್ನೂ ಅವನಿಗೆ ಏನೂ ಹೇಳಿಲ್ಲ. ಹಳ್ಳದ ದಂಡೆಯ ನಮ್ಮ ಜವಾರಿ ಹತ್ತಿ ಈ ವರ್ಷ ಚಲೋ ಬಂದಿದೆ ಎಂದು ಕೇಳಿದೆ. ಅದನ್ನೇ ತೋರಿಸು. ಅವನು ಕುದುರೆಯ ಮೇಲಿಂದ ಇಳಿಯುವವನಲ್ಲ. ಈ ವರ್ಷ ಹೀಗೆ ದಾಟಿದರೆ ಬರುವ ವರ್ಷ ಖರೇ ಬೀಜ ತರಿಸುತ್ತೇನೆ, ನಡುವೆ ರಸ್ತೆ ಮಂಜೂರಾಗುತ್ತದೆ. ಯಾರಿಗೂ ಕೇಡಿಲ್ಲ. ಅಕ್ಕನ ಸಲುವಾಗಿ ಇಷ್ಟು ಮಾಡು.

ಪ್ರಭು

*

ಮೆಣಸಗಿ,
ಗೌರಿ ಹುಣ್ಣಿಮೆ

ಪ್ರಭೂ,

ಮಾಡುವುದಿಲ್ಲ.

ಬಾಳವ್ವ

*

ಮೆಣಸಗಿ,
ಎಳ್ಳಮಾಸಿಯ ಮರುದಿನ

ಪ್ರಭುಲಿಂಗಪ್ಪನಿಗೆ ಅವ್ವನ ಹರಕೆ.

ಸಾಹೇಬ ಬರುವ ದಿನ ನೀನೂ ಬರುತ್ತೀ ಎಂದು ಹೋಳಿಗೆಗೆ ಬೇಳೆ ನೆನೆ ಹಾಕಿದ್ದೆ. ನಿನಗೆ ಧಾರವಾಡದಲ್ಲಿ ಕೆಲಸ ಬಂತು ಎಂದು ಜಮಾಲಸಾಬ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಹೋಳಿಗೆಯನ್ನು ಅವನೇ ತಿಂದ.

ನಿನ್ನ ಸಾಹೇಬ ಕುದುರೆಯಿಂದ ಇಳಿದ. ಇಳಿಯದೆ ನಮ್ಮ ದನದ ಮನೆಯ ಬಾಗಿಲು ದಾಟಲಾಗುವುದಿಲ್ಲ. ಎಳೆಯ ಮುಖ, ಬಿಸಿಲಿಗೆ ಮೂಗು ಸುಲಿದಿದೆ. ನಮ್ಮ ಮಾತು ಅವನಿಗೆ ಬರುತ್ತದೆ, ಆದರೆ ಮಾತಿಗೊಮ್ಮೆ ನಿಂತು ಹುಡುಕುತ್ತಾನೆ. "ಹೊಲ ಎಲ್ಲಿ ಅದ?" ಎಂದ.

ನಾನು ಬೇಲಿ ಸರಿಸಿ ತೋರಿಸಿದೆ. "ಇದ ರೀ ಹೊಲ. ಉಳದದ್ದು ಎಮ್ಮಿ ತಿಂದಾವ್ರಿ" ಎಂದೆ. ಚೀಟಿ, ಹರಿಗೋಲು, ಆಚೆ ದಂಡೆಯ ಕೂಗು, ಎಲ್ಲವನ್ನೂ ಹೇಳಿದೆ. ನಿನ್ನ ಹೆಸರನ್ನೂ ಬಿಡಲಿಲ್ಲ. ಅವನ ಜೊತೆ ಬಂದ ಶಿರಸ್ತೇದಾರ ಬಾಯಿಗೆ ಹೆಗಲ ಮೇಲಿನ ಉಪರಣಿ ಅಡ್ಡ ಹಿಡಿದುಕೊಂಡ. ಸಾಹೇಬ ಮಾತ್ರ ನಗಲಿಲ್ಲ. ಗಿಡಗಳು ನನ್ನ ಎದೆಯ ಮಟ್ಟ ಬಂದಿವೆ, ಸೆಗಣಿ ಗೊಬ್ಬರದ ಸೊಕ್ಕು. ಒಂದು ಕಾಯಿ ಒಡೆದಿತ್ತು. ಅದರ ಎಳೆಯನ್ನು ಬೆರಳಿನ ನಡುವೆ ಹಿಡಿದು ಎಳೆದು ಎಳೆದು ನೋಡಿದ.

"ಮುಂದಿನ ವರ್ಷ ಮತ್ತ ಬೀಜ ಕೊಡ್ತೀವಿ. ಹತ್ತಿ ಬಂದ ಮ್ಯಾಲೆ ದಾರಿ" ಎಂದ.

"ಸಾಹೇಬ್ರ, ಬೀಜ ಹರಗೋಲಿನ್ಯಾಗ ಬಂತ್ರಿ. ಬೀಜದ ಮಾತು ಆಚಿ ದಂಡಿಗೇ ಉಳೀತು. ಮೊದಲ ಮಾತು ದಾಟೂ ಹಂಗ ಮಾಡ್ರಿ" ಎಂದೆ. "ಬಿತ್ತೂದು ನಮಗ ಗೊತ್ತೈತಿ, ಅದನ್ನ ನೀವು ಕಲಸೂದು ಬ್ಯಾಡ. ಹಳ್ಳಕ್ಕ ಕಲ್ಲು ಹಾಸೂದು ಒಂದ್ ಮನಿ ಕೈಯಾಗಿನ ಕೆಲಸ ಅಲ್ರಿ. ಅದಕ್ಕ ಸರ್ಕಾರ ಬೇಕು. ಹತ್ತಿ ಬಂದ ಮ್ಯಾಲೆ ದಾರಿ ಅಂತೀರಿ, ದಾರಿ ಇಲ್ಲದ ಹತ್ತೀನ ಏನ್ ತಲಿ ಮ್ಯಾಲೆ ಹೊತ್ತು ಕುಮಟಾಕ್ಕ ಒಯ್ಯೂನೇನ್ರಿ?"

ಶಿರಸ್ತೇದಾರ ಸುಮ್ಮನಿರು ಎಂದು ಸನ್ನೆ ಮಾಡಿದ. ನಾನು ಸುಮ್ಮನಿರಲಿಲ್ಲ. ಶೇಖವ್ವನ ಕೂಸಿನ ಕಥೆಯನ್ನೂ ಹೇಳಿದೆ.  ಸಾಹೇಬ ಹಳ್ಳದ ತನಕ ನಡೆದು ಹೋಗಿ ನೋಡಿ ಬಂದ. ಹುಕುಮು ಕಳಿಸುತ್ತೇನೆ ಎಂದಿದ್ದಾನೆ. ಕಳಿಸುತ್ತಾನೋ ಬಿಡುತ್ತಾನೋ, ಕೇಳಬೇಕಾದ್ದನ್ನು ಕೇಳಿದ್ದೇನೆ.

ಇನ್ನೊಂದು ಸುದ್ದಿ. ಕೊಣ್ಣೂರಿನಿಂದ ಹೇಳಿ ಕಳಿಸಿದ್ದಾರೆ, ಶೇಖವ್ವ ಮತ್ತೆ ಬಸುರಿ. ದಿನ ತುಂಬುವುದು ಆರಿದ್ರಾ ಮಳೆಯಲ್ಲಿ. ಅಳಿಯ ಗುರುಸಂಗಪ್ಪ ಈ ಸಲ ಅವಳನ್ನು ಹಳ್ಳ ದಾಟಿಸುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಾನಂತೆ. ಅವನು ಹೇಳುವುದೂ ಸರಿ. ಅವಳು ಬರದಿದ್ದರೆ ನಾನು ಹೋಗಬೇಕು, ಅಡಿವೆವ್ವನನ್ನು ಕರೆದುಕೊಂಡು ಹೋಗಬೇಕು. ಹೋದ ಸಲ ಕೂಸು ಅಡ್ಡ ತಿರುಗಿತ್ತು ಎಂದು ಅಡಿವೆವ್ವ ನನಗೆ ಆಮೇಲೆ ಹೇಳಿದಳು. ಮುಂಗಾರಿನ ಕೆಸರು ಏಳುವ ಮೊದಲು ಕಲ್ಲು ಬೀಳಬೇಕು.

ಬಾಳವ್ವ

*

ರೋಣ ಕಚೇರಿ,
ತಾರೀಖು 24 ಫೆಬ್ರುವರಿ 1853

ಅವ್ವನ ಪಾದಕ್ಕೆ ಪ್ರಭುಲಿಂಗಪ್ಪನ ಶರಣು.

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ಸಾಹೇಬ ನನ್ನನ್ನು ಕರೆದು, "ನಿನ್ನ ತಾಯಿ ಎಲ್ಲಾ ಹೇಳಿದಾರ" ಎಂದ. ನೌಕರಿ ಹೋಯಿತು ಎಂದುಕೊಂಡೆ. ಹೋಗಲಿಲ್ಲ. ನನ್ನನ್ನು ರೋಣಕ್ಕೆ ಕರೆಸಿ ಈ ಕೆಲಸಕ್ಕೇ ಹಚ್ಚಿದ್ದಾನೆ.

ಹುಕುಮು ಬಂದಿದೆ! ಹಾರೆ, ಗುದ್ದಲಿ, ಸುಣ್ಣ ಸರ್ಕಾರದ್ದು. ಗಜೇಂದ್ರಗಡದಿಂದ ಕಲ್ಲುಕುಟಿಗ ಬರುತ್ತಾನೆ, ಅವನೂ ಸರ್ಕಾರದವನೇ. ಕಲ್ಲು ಎಲ್ಲಿಂದ ಎಂದರೆ ನಮ್ಮೂರ ಹಳೆಯ ಹುಡೇವು ಕೆಡವಲು ಅಪ್ಪಣೆ ಕೊಟ್ಟಿದ್ದಾರೆ. ನಮ್ಮ ಮುತ್ತಜ್ಜರು ದಂಡು ಬಂದಾಗ ಹತ್ತಿ ಕೂರುತ್ತಿದ್ದ ಬುರುಜು. ಈಗ ಅದರಲ್ಲಿ ಹದ್ದು ಗೂಡು ಕಟ್ಟಿದೆ, ಅಷ್ಟೇ. ಊರಿನವರು ಬಿಟ್ಟಿ ಆಳು ಕೊಡಬೇಕು. ಬಿತ್ತನೆಗೆ ಹೊಸ ಬೀಜವೂ ಮಂಜೂರು.

ನೀನು ಸರ್ಕಾರವನ್ನು ಚುಚ್ಚಿ ಮಾತಾಡುತ್ತೀ. ಒಂದು ಮಾತು ಕೇಳು. ಆ ಹಳ್ಳ ನಮ್ಮ ಮುತ್ತಜ್ಜನ ಕಾಲದಿಂದ ಅಲ್ಲೇ ಇದೆ, ಹುಡೇವಿನ ಕಲ್ಲೂ ಅಲ್ಲೇ ಇದೆ. ಕಲ್ಲನ್ನು ಹಳ್ಳಕ್ಕೆ ಹಾಕಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದರೂ ನಾಲ್ಕು ಮನೆಯವರು ಒಂದಾಗುತ್ತಿರಲಿಲ್ಲ. ಸರ್ಕಾರ ಮನಸ್ಸು ಮಾಡಿತು, ಒಂದು ಬೇಸಿಗೆಯಲ್ಲಿ ಆಗುತ್ತದೆ. ಧಾರವಾಡದ ಕಾರಖಾನೆಯ ಆ ಯಂತ್ರ ತಿರುಗುವುದನ್ನು ನೀನು ನೋಡಬೇಕು, ಅವ್ವಾ. ನನಗೆ ರೋಮ ನಿಂತವು.

ಒಂದೇ ತೊಡಕು. ಆಚೆ ದಂಡೆ ನರಗುಂದ ಸಂಸ್ಥಾನದ್ದು. ಅಲ್ಲಿ ಕಂಪನಿಯ ಹತ್ತಿ ಕಚೇರಿ ಇದ್ದರೂ ಕಂಪನಿಯ ಹುಕುಮು ಕಂಪನಿಯ ಗಡಿಯ ತನಕ. ಆದ್ದರಿಂದ ಕಲ್ಲುಹಾಸು ಹಳ್ಳದ ನಟ್ಟನಡುವೆ ನಿಲ್ಲುತ್ತದೆ. ಸಂಸ್ಥಾನಕ್ಕೆ ಕಾಗದ ಹೋಗಿದೆ, ಉತ್ತರ ಬಂದಿಲ್ಲ.

ಪ್ರಭು

*

ಮೆಣಸಗಿ,
ಹೋಳಿ ಹುಣ್ಣಿಮೆ

ಪ್ರಭೂ,

ನಡು ಹಳ್ಳದಲ್ಲಿ ನಿಲ್ಲುವ ದಾರಿಯನ್ನು ಮಾಡಲು ಒಂದು ಸರ್ಕಾರವೇ ಬೇಕು. ನಾವಾಗಿದ್ದರೆ ಮಾಡುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ನೀನು ಬರೆದ ಉಳಿದ ಮಾತನ್ನೂ ಒಪ್ಪುತ್ತೇನೆ. ಹುಡೇವಿನ ಕಲ್ಲನ್ನು ನಾನು ದಿನಾ ನೋಡುತ್ತಿದ್ದೆ, ನನಗೂ ಹೊಳೆಯಲಿಲ್ಲ.

ಆದರೆ ಮನಸ್ಸು ಮಾಡಿದ್ದು ಸರ್ಕಾರ, ಕಲ್ಲು ಹೊರುವುದು ಗ್ಯಾನಪ್ಪ. ನಮ್ಮ ಹೊಲದಲ್ಲಿ ದುಡಿಯುವ ಗ್ಯಾನಪ್ಪ ನಿನ್ನ ಹುಕುಮಿನ ಡಂಗುರ ಕೇಳಿ ನನ್ನ ಕಟ್ಟೆಗೆ ಬಂದು ಕೂತ. "ಎವ್ವಾ, ಬಿಟ್ಟಿ ಅಂದ್ರ ನಾ ಒಲ್ಲೆ. ನಮ್ಮಪ್ಪ ಪ್ಯಾಶವೇರ ಬಿಟ್ಟೀನೂ ಮಾಡಿದ, ಕಂಪನಿ ಬಿಟ್ಟೀನೂ ಮಾಡಿದ, ಮಾಡಿಕೋಂತ ಸತ್ತ. ಕೂಲಿ ಅನ್ರಿ, ನಾಳೆ ಹೊತ್ತು ಹೊಂಡೂದ್ರಾಗ ಹಾರಿ ಹಿಡೀತೀನಿ" ಎಂದ. ಅವನ ಹಿಂದೆ ಅವರ ಓಣಿಯ ಎಲ್ಲರೂ ನಿಂತಿದ್ದರು. ಬಡಿಗೆ ಹಿಡಿದು ದುಡಿಸಬಹುದು, ಹಾಗೆ ದುಡಿಸಲು ನಿನ್ನ ಕಚೇರಿಯಿಂದ ಒಬ್ಬ ಬಂದಿದ್ದ. ನಾನು ಅವನನ್ನು ನೀರು ಕೊಟ್ಟು ಹಿಂದಕ್ಕೆ ಕಳಿಸಿದೆ. ಮನಸ್ಸಿಲ್ಲದವರು ಹಾಸಿದ ಕಲ್ಲಿನ ಮೇಲೆ ನನ್ನ ಮಗಳಿಗಾಗಿ ನಾನು ಗಾಡಿ ಹೊಡೆಯುವುದಿಲ್ಲ.

ಹಿತ್ತಲಿನ ನೆಲದಡಿಯ ಹಗೇವು ತೆಗೆಸಿದ್ದೇನೆ. ನಿನ್ನಪ್ಪ ಇದ್ದಾಗ ತುಂಬಿಸಿದ ಜೋಳ ಅದು, ಕೆಟ್ಟ ಕಾಲಕ್ಕೆ ಇರಲಿ ಎಂದು. ಬಾಯಿ ತೆರೆದು ಕಾವು ಹೋಗಲು ಬಿಟ್ಟು, ಆಮೇಲೆ ಆಳು ಇಳಿಸಿದೆವು. ಸ್ವಲ್ಪ ಹಗೇವಿನ ವಾಸನೆ ಇದೆ, ರೊಟ್ಟಿಗೆ ತೊಂದರೆ ಇಲ್ಲ. ಸಂಜೆ ಹಾರೆ ಕೆಳಗಿಟ್ಟವರಿಗೆಲ್ಲ ಅಳೆದು ಕೊಡುತ್ತೇನೆ. ಹೆಣ್ಣಾಳಿಗೂ ಗಂಡಾಳಿನಷ್ಟೇ, ಬುಟ್ಟಿಯ ಭಾರ ಒಂದೇ.

ಹದ್ದನ್ನು ಎಬ್ಬಿಸಲು ಮಾತ್ರ ಎಲ್ಲರಿಗೂ ಸಂಕಟವಾಯಿತು. ಮರಿ ಹಾರುವ ತನಕ ಆ ಮೂಲೆಯನ್ನು ಬಿಟ್ಟು ಉಳಿದದ್ದನ್ನು ಕೆಡವುತ್ತಿದ್ದೇವೆ.

ದನದ ಮನೆಯ ಹತ್ತಿಯನ್ನು ಬಿಡಿಸಿದೆ. ಕಾಲಲ್ಲಿ ಸರಳು ಉರುಳಿಸಿ ಅರಳೆ ತೆಗೆಯುವ ನಮ್ಮ ಪದ್ಧತಿಗೆ ಅದು ಬಗ್ಗಲಿಲ್ಲ, ಬೀಜವನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ನಾನೂ ಅಡಿವೆವ್ವನೂ ಕೂತು ಬೆರಳಿನಿಂದ ಒಂದೊಂದೇ ಕಾಳು ಬಿಡಿಸಿದೆವು. ಕಾಳನ್ನು ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ ಹಾಕಿ, ಬಾಯಿಗೆ ಸೆಗಣಿ ಮೆತ್ತಿ, ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದೇನೆ: ಬೀಜ.

ಬಾಳವ್ವ

*

ರೋಣ ಕಚೇರಿ,
12 ಏಪ್ರಿಲ್ 1853

ಅವ್ವಾ,

ಕೂಲಿ ಕೊಡಬೇಕೆಂದು ಅರ್ಜಿ ಬರೆದೆ. ಆಗುವುದಿಲ್ಲ ಎಂದು ತಿರುಗಿ ಬಂತು. ಎರಡನೆಯ ಸಲ ಬರೆದೆ. ಸಾಹೇಬ ಅದನ್ನು ಓದಿದ. ಹಣ ಅವನ ಕೈಯಲ್ಲಿ ಇಲ್ಲವಂತೆ, ಅದು ಮುಂಬಯಿಯಿಂದ ಬರಬೇಕಂತೆ, ಬರುವ ಹೊತ್ತಿಗೆ ಹಳ್ಳ ತುಂಬಿರುತ್ತದೆ. ಆದರೆ ಹುಕುಮಿನಲ್ಲಿದ್ದ "ಬಿಟ್ಟಿ" ಎಂಬ ಶಬ್ದವನ್ನು ಅವನ ಕೈಯಿಂದಲೇ ಹೊಡೆಸಿದ್ದೇನೆ. ಅದರ ಜಾಗದಲ್ಲಿ "ಊರಿನ ಬಾಳವ್ವ ಎಂಬವಳು ಕೂಲಿಗೆ ಜೋಳ ಕೊಟ್ಟಳು" ಎಂದು ಬರೆಸಿದ್ದೇನೆ. ಸರ್ಕಾರ ಮಾಡಿದ್ದನ್ನು ಸರ್ಕಾರದ ಹೆಸರಿಗೆ ಬರೆಯಲಿ, ನೀನು ಮಾಡಿದ್ದು ನಿನ್ನ ಹೆಸರಿಗೆ ಇರಲಿ. ಈ ಸಲ ಮರಾಠಿ ಮಾತನ್ನು ಮೂವರಿಗೆ ಓದಿ ತೋರಿಸಿದೆ.

ನನ್ನ ಪಾಲಿನ ಜೋಳವೂ ಆ ಹಗೇವಿನಲ್ಲಿದೆ. ಅಷ್ಟನ್ನೂ ಅಳೆದು ಕೊಡು. ರಜೆ ಸಿಕ್ಕಿದ ದಿನ ಬಂದು ನಾನೂ ಕಲ್ಲು ಹೊರುತ್ತೇನೆ. ನಗಬೇಡ.

ಸಂಸ್ಥಾನದಿಂದ ಉತ್ತರ ಇನ್ನೂ ಇಲ್ಲ.

ಪ್ರಭು

*

ಮೆಣಸಗಿ,
ಆಗೀ ಹುಣ್ಣಿಮೆ

ಪ್ರಭೂ,

ನೀನು ಕಲ್ಲು ಹೊತ್ತು ಹೋದ ಮೇಲೆ ಗ್ಯಾನಪ್ಪ, "ಸಣ್ಣ ಧಣೇರ ಹೆಗಲಿಗೆ ಬೆಣ್ಣಿ ಹಚ್ಚಿ ಕಳಸ್ರೆವಾ" ಎಂದು ಎರಡು ದಿನ ನಕ್ಕ. ನಾನೂ ನಕ್ಕೆ. ಆದರೆ ನೀನು ಬಂದದ್ದನ್ನು ಊರು ನೋಡಿತು, ಅದು ಒಳ್ಳೆಯದಾಯಿತು.

ನಮ್ಮ ಅರ್ಧ ಮುಗಿದಿದೆ. ನಡು ಹಳ್ಳದಲ್ಲಿ ಕಲ್ಲುಕುಟಿಗ ಗೆರೆ ಎಳೆದು, "ಇಲ್ಲಿಗೆ ನನ್ನ ಹುಕುಮು ತೀರಿತ್ರಿ" ಎಂದು ಕೂತ. ಆಚೆ ಬರೀ ಕರಿ ಮಣ್ಣು. ಕಾರಹುಣ್ಣಿಮೆಗೆ ಒಂದೇ ತಿಂಗಳು. ಅವತ್ತು ನಾನು ಎಲ್ಲರ ಮುಂದೆ ಅತ್ತೆ, ಪ್ರಭೂ. ಸಿಟ್ಟಿನಿಂದ ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು ಹಳ್ಳ ದಾಟಿ ನಡೆದೇ ಕೊಣ್ಣೂರಿಗೆ ಹೋದೆ. ಆ ಕೂಸು ಹೋದಾಗಿನಿಂದ ಅಳಿಯ ನನ್ನ ಜೊತೆ ಮಾತು ಬಿಟ್ಟಿದ್ದ, ನಿನಗೆ ಬರೆದಿರಲಿಲ್ಲ. ನಿಮ್ಮೂರಿಗೆ ಕಳಿಸಿದ್ದಕ್ಕೇ ನನ್ನ ಕೂಸು ಹೋಯಿತು ಎಂಬ ಸಂಕಟ ಅವನಿಗೆ. ಪಡಸಾಲೆಯಲ್ಲಿ ಕೂತು ಹೇಳಿದೆ: "ಗುರುಸಂಗಪ್ಪ, ನಮ್ಮ ಸರ್ಕಾರ ನಡು ಹಳ್ಳಕ್ಕ ನಿಂತೈತಿ. ನಿಮ್ಮ ಸರ್ಕಾರ ಇನ್ನೂ ಎದ್ದಿಲ್ಲ. ನಡುವ ಇರಾಕಿ ನನ್ನ ಮಗಳು, ನಿನ್ನ ಹೇಣ್ತಿ." ಅವನು ಎದ್ದು ಒಳಗೆ ಹೋದ. ಶೇಖವ್ವ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಆಚೆ ದಂಡೆಯಲ್ಲಿ ಗಾಡಿಗಳ ಸದ್ದಾಯಿತು. ಹೊಳೆಯ ಗುಂಡುಕಲ್ಲು ತುಂಬಿಕೊಂಡು ಅಳಿಯ ಕೊಣ್ಣೂರಿನ ಅರ್ಧ ಊರನ್ನೇ ಕರೆತಂದಿದ್ದ. ನಮ್ಮ ಕಲ್ಲುಕುಟಿಗ ಸುಮ್ಮನೆ ಎದ್ದು ದಾರ ಹಿಡಿದುಕೊಂಡು ಗೆರೆ ದಾಟಿದ. ಅವನನ್ನು ಯಾರೂ ಏನೂ ಕೇಳಲಿಲ್ಲ, ನೀನೂ ಬರೆಯಬೇಡ.

ಬಾಳವ್ವ

*

ರೋಣ ಕಚೇರಿ,
28 ಜೂನ್ 1853

ಅವ್ವನ ಪಾದಕ್ಕೆ ಪ್ರಭುಲಿಂಗಪ್ಪನ ಶರಣು.

ಎರಡು ದಿನದಿಂದ ಇಲ್ಲಿ ಮಳೆ. ಅಲ್ಲಿ ಹೇಗೋ ತಿಳಿಯದು. ಅಕ್ಕನ ಸುದ್ದಿ ಏನೂ ಬಂದಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ, ಬೇಗ ಬರೆ.

ಇದರ ಜೊತೆಗೆ ಒಂದು ಕಚೇರಿಯ ಮಾತು. ಇಂಥ ಹೊತ್ತಿನಲ್ಲಿ ಕೇಳಬೇಕಾಗಿದೆ, ಬೈಯಬೇಡ. ಕಲ್ಲುಹಾಸು ಮುಗಿದ ವರದಿ ಧಾರವಾಡಕ್ಕೆ ಹೋಗಬೇಕು. ಅದರಲ್ಲಿ ಒಂದು ಪ್ರಶ್ನೆ ಇದೆ: ಈ ದಾರಿಯಿಂದ ದಾಟಿದ ಮೊದಲ ಹೇರು ಯಾವುದು, ವಿಲಾಯಿತಿ ಹತ್ತಿ ಎಷ್ಟು, ಎಲ್ಲಿಗೆ ಹೋಯಿತು? ಈಗ ಹತ್ತಿಯ ಕಾಲವೇ ಅಲ್ಲ ಎಂದು ಸಾಹೇಬನಿಗೆ ಹೇಳಿದೆ. "ಖಾಲಿ ಬಿಟ್ಟರೆ ಮುಂದಿನ ಊರಿಗೆ ಕಲ್ಲು ಕೊಡೂದಿಲ್ಲ" ಎಂದ. ಪುರ್ತಗೇರಿಯವರು ನಮ್ಮದನ್ನು ನೋಡಿ ತಾವೂ ಅರ್ಜಿ ಹಾಕಿದ್ದಾರೆ. ಸುಳ್ಳು ಬರೆಯಲಾರೆ, ನಿನ್ನ ಮಗ. ಏನು ಬರೆಯಲಿ?

ಪ್ರಭು

*

ಕೊಣ್ಣೂರು,
ಆರಿದ್ರಾ ಮಳೆ, ಹೊರಗೆ ಸುರಿಯುತ್ತಿದೆ

ಪ್ರಭೂ,

ನಿನ್ನ ಕಾಗದ ಮೆಣಸಗಿಗೆ ಹೋಗಿ ಅಲ್ಲಿಂದ ಇಲ್ಲಿಗೆ ಬಂತು. ಗ್ಯಾನಪ್ಪ ತಂದ. ಕಾಗದ ಕೂಡ ಈಗ ಹಳ್ಳ ದಾಟುತ್ತದೆ.

ಮೊದಲು ಮೊದಲನೆಯದು. ಕಾರಹುಣ್ಣಿಮೆ ಕಳೆದು ಎರಡು ದಿನಕ್ಕೆ, ಸಂಜೆ, ಅಳಿಯನ ಆಳು ಓಡಿ ಬಂದ. ಬೇನೆ ಹತ್ತಿದೆ, ಹೋದ ಸಲದ ಹಾಗೇ ಎಂದ. ಮಧ್ಯಾಹ್ನವೆಲ್ಲ ಹೊಡೆದ ಮಳೆ ಆಗಷ್ಟೇ ನಿಂತಿತ್ತು. ಗ್ಯಾನಪ್ಪ ಗಾಡಿ ಹೂಡಿದ. ನಾನು, ಅಡಿವೆವ್ವ, ಒಂದು ಬುಟ್ಟಿ. ಹಳ್ಳದಲ್ಲಿ ಮೊಣಕಾಲು ನೀರು. ಎತ್ತುಗಳು ದಂಡೆಯಲ್ಲಿ ನಿಂತುಬಿಟ್ಟವು, ಅವಕ್ಕೆ ಆ ಜಾಗ ನೆನಪಿತ್ತು. ಗ್ಯಾನಪ್ಪ ಇಳಿದು ಮುಂದೆ ನಡೆದ. "ಇದು ನಾ ಹಾಸಿದ್ದೈತಿ, ಬರ್ರಿ" ಎಂದು ಎತ್ತುಗಳಿಗೆ ಹೇಳಿದ. ನೀರಿನ ಕೆಳಗೆ ಗಾಲಿ ಕಲ್ಲಿಗೆ ತಾಗಿ ಕಟಕಟ ಎಂದಿತು. ಆ ಸದ್ದನ್ನು ಕೇಳುತ್ತ ನಾನು ಬುಟ್ಟಿ ಹಿಡಿದು ಕೂತಿದ್ದೆ. ನಡು ಹಳ್ಳ ಎಲ್ಲಿ ಬಂತು, ಯಾರ ಗಡಿ ಎಲ್ಲಿ ಮುಗಿಯಿತು, ಗೊತ್ತೇ ಆಗಲಿಲ್ಲ.

ಕೂಸು ಈ ಸಲವೂ ಅಡ್ಡ ಇತ್ತು. ಅಡಿವೆವ್ವ ಎಣ್ಣೆ ಕೈಯಿಂದ ನೀವಿ ನೀವಿ ತಿರುಗಿಸಿದಳು. ಬೆಳಗಿನ ಕೋಳಿ ಕೂಗುವಾಗ ಹೆಣ್ಣು ಹುಟ್ಟಿತು. ಅತ್ತಿತು. ಗುರುಸಂಗಪ್ಪ ಕಟ್ಟೆಯ ಮೇಲೆ ಕೂತು ಅದಕ್ಕಿಂತ ಗಟ್ಟಿಯಾಗಿ ಅತ್ತ. ಶೇಖವ್ವ ಚಲೋ ಇದ್ದಾಳೆ, ನಿನ್ನೆ ಖಾರದ ಸಾರು ಉಂಡಳು.

ಇನ್ನು ನಿನ್ನ ವರದಿ. ನೀರು ಜೋರಾಗಿ ಬಂದ ದಿನ ನಿಮ್ಮ ಕಲ್ಲುಹಾಸು ಮುಳುಗುತ್ತದೆ, ಇಳಿದ ಮೇಲೆ ಮತ್ತೆ ದಾರಿ ಬಿಡುತ್ತದೆ. ಅದನ್ನೂ ಬರೆ, ಮುಂದಿನ ಸಲ ಎತ್ತರ ಕಟ್ಟಲಿ. ಮೊದಲ ಹೇರು ಏನೆಂದು ಕೇಳಿದ್ದಾರಲ್ಲ, ಆ ಬುಟ್ಟಿಯಲ್ಲಿ ಇದ್ದದ್ದು ದನದ ಮನೆಯ ಗಿಡದ ಅರಳೆ. ಹುಟ್ಟುವ ಮೊದಲು ಕೂಸಿಗೆ ಏನೂ ಹೊಲಿಯಬಾರದೆಂದು ಹಾಗೇ ಬಿಡಿಯಾಗಿ ತಂದಿದ್ದೆ. ಹುಟ್ಟಿದ ಮೇಲೆ ಹಳೆಯ ಸೀರೆಯಲ್ಲಿ ತುಂಬಿ ಹಾಸಿಗೆ ಹೊಲಿದೆ. ನೀನು ಹೇಳಿದ್ದು ಖರೇ, ಎಳೆ ಉದ್ದ, ಭಾಳ ಮೆತ್ತಗೆ.

ಆದ್ದರಿಂದ ಹೀಗೆ ಬರೆ. ಮೊದಲ ಹೇರು, ವಿಲಾಯಿತಿ ಅರಳೆ, ಒಂದು ಬುಟ್ಟಿ, ಮೆಣಸಗಿಯಿಂದ ಕೊಣ್ಣೂರಿಗೆ. ಕುಮಟಾ ಬಂದರಕ್ಕೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ, ನನ್ನ ಅಕ್ಕನ ಮಗಳು ಅದರ ಮೇಲೆ ಮಲಗಿದ್ದಾಳೆ, ಎಬ್ಬಿಸಲಾಗುವುದಿಲ್ಲ ಎಂದು ಬರೆ. ಮರಾಠಿ ಮಾಡುವಾಗ ಶಬ್ದ ನೋಡಿ ಹಾಕು.

ಬಾಳವ್ವ